ಹೂ ಅರಳುವ ಹೊತ್ತು ನೋಡಿ ಹೊಲಕ್ಕಿಳಿಯಿರಿ

ಚಪ್ಪರದ ತುಂಬ ಹೀರೆ ಬಳ್ಳಿ ಹಬ್ಬಿರುತ್ತದೆ. ಹೂವಿಗೇನೂ ಬರವಿಲ್ಲ. ಆದರೆ ಕಾಯಿ ಬೆರಳುದ್ದ ಬೆಳೆಯುವಷ್ಟರಲ್ಲಿ ಹಳದಿಗೆ ತಿರುಗಿ, ತೊಟ್ಟು ಕಳಚಿ ಬೀಳುತ್ತದೆ. ಔಷಧದಂಗಡಿಗೆ ಹೋದರೆ ಒಂದು ಬಾಟಲಿ ಕೈಗೆ ಬರುತ್ತದೆ. ಅದಕ್ಕೆ ದುಡ್ಡು ಕೊಡುವ ಮುಂಚೆ ಉದುರಿದ ಕಾಯಿಯೊಂದನ್ನು ಸೀಳಿ ನೋಡಿ. ಒಳಗೆ ಬಿಳಿ ಹುಳು ಹರಿದಾಡುತ್ತಿದ್ದರೆ ಅದು ಹಣ್ಣುನೊಣದ ಕೆಲಸ. ಹುಳುವೂ ಇಲ್ಲ, ಕೊಳೆತವೂ ಇಲ್ಲ ಎಂದಾದರೆ ಬಹುಮಟ್ಟಿಗೆ ಬಳ್ಳಿಗೆ ರೋಗವಿಲ್ಲ. ಆ ಹೆಣ್ಣು ಹೂವಿಗೆ ಗಂಡು ಹೂವಿನ ಪರಾಗ ತಲುಪಿಲ್ಲ, ಅಷ್ಟೇ.

ಹೂವು ಕಾಯಾಗುವ ಪಾಠವನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ದಾಸವಾಳದ ಚಿತ್ರ ಬರೆದು, ಕೇಸರ, ಶಲಾಕೆ, ಅಂಡಾಶಯ ಎಂದು ಗೆರೆ ಎಳೆದು ಅಂಕ ತೆಗೆದುಕೊಂಡಿರುತ್ತೇವೆ. ಆ ಚಿತ್ರದಲ್ಲಿ ಇಲ್ಲದೇ ಹೋದದ್ದು ಗಡಿಯಾರ. ಪ್ರತಿ ಬೆಳೆಯ ಹೂವಿಗೂ ಅರಳುವ ಒಂದು ಹೊತ್ತಿದೆ, ಅದಕ್ಕೆ ಬರುವ ಗಿರಾಕಿ ಬೇರೆ ಬೇರೆ. ಈ ಎರಡು ಸಂಗತಿ ಗೊತ್ತಿದ್ದರೆ ಯಾವಾಗ ಔಷಧ ಹೊಡೆಯಬಾರದು, ಯಾವಾಗ ಬಿತ್ತಬೇಕು, ಯಾವ ಬೀಜ ಎತ್ತಿಡಬಹುದು ಎಂಬುದಕ್ಕೆಲ್ಲ ಅರ್ಧ ಉತ್ತರ ಸಿಕ್ಕಂತೆಯೇ. ಕಂಪ್ಲಿ ತಾಲೂಕಿನ ಮೆಟ್ರಿಯಿಂದ ಹೊಸಪೇಟೆ, ಹಂಪಿ, ಸಂಡೂರುಗಳವರೆಗಿನ ಈ ಸೀಮೆಯಲ್ಲಿ ಇದನ್ನು ಕಲಿಯಲು ಪ್ರಯೋಗಶಾಲೆ ಬೇಕಿಲ್ಲ. ಕಾಲುವೆ ಬಯಲಿನ ಭತ್ತ, ಬಾಳೆ, ಕಬ್ಬು, ಮಳೆ ನಂಬಿದ ಹೊಲದ ಮೆಕ್ಕೆಜೋಳ, ಸೂರ್ಯಕಾಂತಿ, ಗುಡ್ಡದ ಸೀತಾಫಲ, ಎಲ್ಲವೂ ಒಂದು ಗಂಟೆಯ ದಾರಿಯೊಳಗೇ ಇವೆ.

ಮೊದಲು ಒಂದು ಕುಂಬಳದ ಹೂವು

ಬೆಳಗ್ಗೆ ಆರಕ್ಕೆಲ್ಲ ಎದ್ದು ಕುಂಬಳದ ಬಳ್ಳಿಯ ಹತ್ತಿರ ಹೋಗಿ. ಉದ್ದನೆಯ ತೆಳ್ಳಗಿನ ತೊಟ್ಟಿನ ಮೇಲೆ ನೆಟ್ಟಗೆ ನಿಂತದ್ದು ಗಂಡು ಹೂವು. ತೊಟ್ಟು ಗಿಡ್ಡವಾಗಿ, ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಕಂಡರೆ ಅದು ಹೆಣ್ಣು. ಹೆಣ್ಣು ಹೂವೊಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ನಡುವೆ ದಪ್ಪಗೆ, ಅಂಟಂಟಾಗಿ, ಸೀಳು ಸೀಳಾಗಿರುವ ಶಲಾಕಾಗ್ರ ಕಾಣುತ್ತದೆ. ಅದರ ಕೆಳಗಿನ ಪುಟ್ಟ ಕಾಯಿಯೇ ಅಂಡಾಶಯ. ಒಳಗೆ ಸಾಲುಗಟ್ಟಿ ಕೂತ ಬಿಳಿ ಚುಕ್ಕೆಗಳು ಮುಂದೆ ಬೀಜವಾಗಬೇಕಾದ ಅಂಡಕಗಳು. ಇನ್ನು ಗಂಡು ಹೂವಿನ ನಡುಗಂಬವನ್ನು ಬೆರಳಿನಿಂದ ಮುಟ್ಟಿ. ಬೆರಳಿಗೆ ಹತ್ತುವ ಹಳದಿ ಪುಡಿ ಗಾಳಿಗೆ ಹಾರುವಂಥದ್ದಲ್ಲ. ಕುಂಬಳದ ಪರಾಗ ದಪ್ಪ, ಮುಳ್ಳುಮುಳ್ಳು, ಅಂಟು. ಹೊತ್ತೊಯ್ಯಲು ಜೇನೋ ದುಂಬಿಯೋ ಬರಲೇಬೇಕು.

ಪರಾಗದ ಕಣ ಶಲಾಕಾಗ್ರದ ಮೇಲೆ ಕೂತಿತೆಂದರೆ ಕೆಲಸ ಮುಗಿಯಲಿಲ್ಲ. ಅದು ಅಲ್ಲಿನ ತೇವ ಹೀರಿ ಉಬ್ಬಿ ಒಂದು ಸಣ್ಣ ನಳಿಕೆಯನ್ನು ಚಾಚುತ್ತದೆ. ಆ ನಳಿಕೆ ಶಲಾಕೆಯೊಳಗೆ ದಾರಿ ಮಾಡಿಕೊಂಡು ಅಂಡಕದವರೆಗೆ ಇಳಿಯುತ್ತದೆ. ಒಂದು ನಳಿಕೆಗೆ ಒಂದೇ ಅಂಡಕ. ಅಂದರೆ ನೂರಾರು ಬೀಜದ ಕುಂಬಳಕಾಯಿಗೆ ನೂರಾರು ಪರಾಗ ಕಣಗಳು ಬೇಕು. ಜೇನು ಒಂದೇ ಸಲ ಬಂದು ಹೋದರೆ ಅಷ್ಟು ಸಿಗುವುದಿಲ್ಲ. ಸೌತೆಕಾಯಿ ಒಂದು ತುದಿಗೆ ಸೊರಗಿ ಬಾಗುವುದು, ಕಲ್ಲಂಗಡಿ ಒಂದೇ ಮಗ್ಗುಲಿಗೆ ಉಬ್ಬುವುದು ಬಹಳ ಸಲ ಇದರಿಂದಲೇ. ಬೀಜ ಕಟ್ಟಿದ ಕಡೆ ಕಾಯಿ ಬೆಳೆಯುತ್ತದೆ, ಕಟ್ಟದ ಕಡೆ ಹಿಂದೆ ಬೀಳುತ್ತದೆ.

ನಳಿಕೆಯಲ್ಲಿ ಇಳಿದು ಬರುವ ಗಂಡು ಕೋಶಗಳು ಎರಡು. ಒಂದು ಅಂಡಾಣುವಿನ ಜೊತೆ ಕೂಡಿ ಮೊಳಕೆಯಾಗುವ ಭ್ರೂಣವಾಗುತ್ತದೆ. ಇನ್ನೊಂದು ಪಕ್ಕದ ಕೋಶದೊಳಗಿನ ಎರಡು ಕೇಂದ್ರಗಳ ಜೊತೆ ಸೇರಿ ಆ ಭ್ರೂಣಕ್ಕೆ ಬೇಕಾದ ಆಹಾರವಾಗುತ್ತದೆ. ಹೂಬಿಡುವ ಸಸ್ಯಗಳ ಈ ಎರಡು ಬಗೆಯ ಕೂಡಿಕೆಯನ್ನು 1898ರಲ್ಲಿ ಕಂಡವನು ಸಸ್ಯವಿಜ್ಞಾನಿ ಸೆರ್ಗೆಯ್ ನವಾಶಿನ್. ನಮ್ಮ ಬಿ.ಜಿ.ಎಲ್. ಸ್ವಾಮಿ ಅವರು ಸೂಕ್ಷ್ಮದರ್ಶಕದಡಿ ವರ್ಷಗಟ್ಟಲೆ ನೋಡಿದ್ದೂ ಇಂಥ ಭ್ರೂಣಗಳನ್ನೇ. ಅವರ ‘ಹಸುರು ಹೊನ್ನು’ ಓದಿ ನಕ್ಕವರಲ್ಲಿ ಎಷ್ಟೋ ಮಂದಿಗೆ ಅವರು ಸಸ್ಯ ಭ್ರೂಣಶಾಸ್ತ್ರದಲ್ಲಿ ಹೆಸರಾದವರು ಎಂಬುದು ಗೊತ್ತಿರಲಿಕ್ಕಿಲ್ಲ. ತಟ್ಟೆಗೆ ಬಡಿಸಿಕೊಳ್ಳುವ ಬಿಳಿ ಅನ್ನ ಆ ಎರಡನೇ ಕೂಡಿಕೆಯಿಂದ ಆದದ್ದು. ಭ್ರೂಣ ಅಕ್ಕಿಯ ತುದಿಯಲ್ಲಿ ಚುಕ್ಕೆಯಷ್ಟಿದ್ದು, ಪಾಲಿಶ್ ಮಾಡುವಾಗ ತೌಡಿನ ಜೊತೆ ಹೋಗಿಬಿಡುತ್ತದೆ.

ಸಂಜೆಯ ಹೂವು, ಮುಂಜಾನೆಯ ಹೂವು

ಈಗ ಉದುರಿದ ಹೀರೆಕಾಯಿಗೆ ಬರೋಣ. ಕುಂಬಳ, ಸೌತೆ, ಕಲ್ಲಂಗಡಿ, ಹಾಗಲ ಇವೆಲ್ಲ ಬೆಳಗಿನ ಹೂವುಗಳು. ಕುಂಬಳವಂತೂ ಬಿಸಿಲೇರುವಷ್ಟರಲ್ಲಿ ಮುದುಡಿರುತ್ತದೆ. ಹೀರೆ ಹಾಗಲ್ಲ, ಅದು ಸಂಜೆ ಐದರ ಮೇಲೆ ಅರಳುತ್ತದೆ. ಸೋರೆಯೂ ಸಂಜೆಯದೇ. ಪಡವಲ ಇನ್ನೂ ತಡ, ಕತ್ತಲಾದ ಮೇಲೆ ಅದರ ನೂಲಿನಂಥ ಅಂಚು ಬಿಚ್ಚಿಕೊಳ್ಳುತ್ತದೆ. ಸೋರೆ, ಪಡವಲಗಳ ಬಿಳಿ ಹೂವಿಗೆ ಕತ್ತಲಲ್ಲಿ ಬರುವುದು ಪತಂಗಗಳು. ತಮಾಷೆಯೆಂದರೆ ಹೀರೆಯ ಹತ್ತಿರದ ನಂಟ ತುಪ್ಪದ ಹೀರೆ ಮಾತ್ರ ನಸುಕಿನಲ್ಲೇ ಅರಳುತ್ತದೆ. ಒಂದೇ ಚಪ್ಪರಕ್ಕೆ ಎರಡನ್ನೂ ಹಬ್ಬಿಸಿದವರಿಗೆ ಇದು ಕಣ್ಣಿಗೆ ಬಿದ್ದಿರುತ್ತದೆ.

ಹಾಗಾಗಿ ಹೀರೆಗೆ ಕೈಯಿಂದ ಪರಾಗ ಮುಟ್ಟಿಸಬೇಕೆಂದು ಬೆಳಗ್ಗೆ ಹತ್ತಕ್ಕೆ ಹೋದರೆ ಏನೂ ಸಿಗದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋಗಿ. ಆಗಷ್ಟೇ ಅರಳಿದ ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಹಿಂದಕ್ಕೆ ಮಡಚಿ ಅಥವಾ ಕಿತ್ತುಹಾಕಿ, ಪರಾಗ ತುಂಬಿದ ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಹಗುರವಾಗಿ ಸುತ್ತಲೂ ಸವರಿ. ತಿಕ್ಕಬಾರದು. ಒಂದು ಗಂಡು ಹೂವು ಎರಡು ಮೂರು ಹೆಣ್ಣು ಹೂವಿಗೆ ಸಾಕು. ಕೂಡಿಕೆಯಾಗಿದ್ದರೆ ಮೂರು ನಾಲ್ಕು ದಿನದಲ್ಲಿ ಕಾಯಿ ತೂಕ ಹಿಡಿದು ಕೆಳಗೆ ಜೋತುಬೀಳುವುದು ಕಾಣುತ್ತದೆ. ಹೊಸ ಬಳ್ಳಿಯಲ್ಲಿ ಮೊದಮೊದಲು ಬರುವುದು ಹೆಚ್ಚಾಗಿ ಗಂಡು ಹೂವೇ. ಅದನ್ನು ನೋಡಿ ಬೀಜ ಕೆಟ್ಟದ್ದೆಂದು ಬಳ್ಳಿ ಕಿತ್ತುಹಾಕುವವರಿದ್ದಾರೆ. ಒಂದೆರಡು ವಾರ ತಡೆದುಕೊಂಡರೆ ಹೆಣ್ಣು ಹೂವು ಬರುತ್ತದೆ. ಯೂರಿಯಾ ಹೆಚ್ಚು ಹಾಕಿದರೆ ಎಲೆಯೇ ಎಲೆ, ಹೆಣ್ಣು ಹೂವು ಇನ್ನೂ ತಡ.

ಔಷಧ ಸಿಂಪಡಿಸುವುದಾದರೆ ಸಂಜೆ ಸಿಂಪಡಿಸಿ, ಜೇನು ಉಳಿಯುತ್ತದೆ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಹೆಚ್ಚಿನ ಬೆಳೆಗೆ ಸರಿಯೇ. ಆದರೆ ಹೀರೆ, ಸೋರೆ, ಪಡವಲಗಳಿಗೆ ಅದೇ ಸಲಹೆ ತಿರುಗುಬಾಣ. ನೆಂಟರು ಬರುವ ಹೊತ್ತಿಗೇ ಬಾಗಿಲಲ್ಲಿ ವಿಷ ಚೆಲ್ಲಿದಂತಾಗುತ್ತದೆ. ಅವುಗಳಿಗೆ ಹೂವು ಮುಚ್ಚಿದ ಮೇಲೆ ಹಗಲಿನಲ್ಲೇ ಹೊಡೆಯುವುದು ಮೇಲು, ಅದೂ ಪಕ್ಕದಲ್ಲಿ ಸೌತೆಯೋ ಕುಂಬಳವೋ ಅರಳಿ ಜೇನು ಓಡಾಡುತ್ತಿಲ್ಲ ಎಂದು ನೋಡಿಕೊಂಡು.

ಬದನೆ, ಟೊಮೆಟೊಗಳದು ಬೇರೆಯೇ ಹಟ. ಪರಾಗ ಚೀಲದೊಳಗೇ ಇರುತ್ತದೆ, ಬದನೆಯಲ್ಲಂತೂ ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬರುತ್ತದೆ. ಕಪ್ಪನೆಯ ದಪ್ಪ ದುಂಬಿ ಹೂವನ್ನು ತಬ್ಬಿಕೊಂಡು ಗುಂಯ್ ಎಂದು ಅದುರಿಸಿದಾಗ ಪುಡಿ ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ಹಿತ್ತಲಲ್ಲಿ ನಾಲ್ಕಾರು ಗಿಡ ಇದ್ದವರು ಬೆಳಗಿನ ಹೊತ್ತು ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೂ ಸಾಕು. ಒಣ ಕಟ್ಟಿಗೆ ಕೊರೆದು ಗೂಡು ಮಾಡುವ ಆ ದುಂಬಿಯನ್ನು ಕಂಡಲ್ಲಿ ಹೊಡೆಯುವ ಅಭ್ಯಾಸ ಮಾತ್ರ ಬಿಡಬೇಕು.

ಭತ್ತದ ಒಂದು ಗಂಟೆ

ಭತ್ತಕ್ಕೆ ಹೂವಿದೆಯೆಂದರೆ ನಗುವವರಿದ್ದಾರೆ. ಹೊಡೆ ಬಿಚ್ಚಿ ತೆನೆ ಹೊರಬಂದ ಗದ್ದೆಗೆ ಬೆಳಗ್ಗೆ ಒಂಬತ್ತರಿಂದ ಹನ್ನೆರಡರೊಳಗೆ ಹೋಗಿ ತೆನೆಯನ್ನು ಕಣ್ಣಿನ ಹತ್ತಿರ ಹಿಡಿಯಿರಿ. ಕೆಲವು ಕಾಳಿನ ಹೊಟ್ಟು ಎರಡು ಹೋಳಾಗಿ ಬಾಯಿ ತೆರೆದಿರುತ್ತದೆ. ಒಳಗಿನಿಂದ ಆರು ಎಳೆಗಳು ಹೊರಬಂದು, ತುದಿಯಲ್ಲಿ ತಿಳಿಹಳದಿ ಚೀಲ ತೂಗಿಸಿಕೊಂಡು ನೇತಾಡುತ್ತಿರುತ್ತವೆ. ಅದೇ ಭತ್ತದ ಹೂವು. ಒಂದು ಹೂವು ತೆರೆದಿರುವುದು ಹೆಚ್ಚೆಂದರೆ ಒಂದು ಗಂಟೆಯ ಆಸುಪಾಸು. ಆಮೇಲೆ ಹೊಟ್ಟು ಮುಚ್ಚಿಕೊಂಡರೆ ಮತ್ತೆ ತೆರೆಯುವುದಿಲ್ಲ. ಅದರ ಪರಾಗದ ಆಯುಸ್ಸು ಕೆಲವೇ ನಿಮಿಷ. ಇಡೀ ತೆನೆ ಮೇಲಿನಿಂದ ಕೆಳಕ್ಕೆ ಹೂವಾಗಿ ಮುಗಿಯಲು ಒಂದು ವಾರ ಹಿಡಿಯುತ್ತದೆ.

ಈ ವಾರದಲ್ಲಿ ಆಗುವ ತಪ್ಪು ಕೊಯ್ಲಿನ ದಿನ ಜೊಳ್ಳಾಗಿ ಕಾಣಿಸುತ್ತದೆ. ಹೂವಾದ ಗದ್ದೆಗೆ ಮಧ್ಯಾಹ್ನ ಮೂರರೊಳಗೆ ಔಷಧ ಹೊಡೆಯಬೇಡಿ. ತೆರೆದ ಹೂವಿನೊಳಗೆ ನೀರು ಹೊಕ್ಕರೆ ಪರಾಗ ಒಡೆಯುತ್ತದೆ. ಬಿಸಿಲಿನ ಲೆಕ್ಕವೂ ಇದೆ. ಹೂವಾಗುವ ಹೊತ್ತಿನಲ್ಲಿ ಉಷ್ಣಾಂಶ 35 ಡಿಗ್ರಿ ದಾಟಿದರೆ ಕಾಳು ಕಟ್ಟುವುದು ಕಡಿಮೆಯಾಗುತ್ತದೆ. ತುಂಗಭದ್ರಾ ಕಾಲುವೆಯ ನೀರಿಗೆ ಎರಡನೇ ಬೆಳೆ ಹಾಕುವವರು ನಾಟಿಯನ್ನು ಮುಂದೂಡುತ್ತ ಹೋದಷ್ಟೂ ತೆನೆ ಏಪ್ರಿಲ್ ಬಿಸಿಲಿಗೆ ಸಿಕ್ಕುತ್ತದೆ. ಬಳ್ಳಾರಿ ಕಡೆಯ ಏಪ್ರಿಲ್ ಎಂದರೆ ಹೇಳಬೇಕೇ? ತಳಿಯ ಅವಧಿಯಿಂದ ಹಿಂದಕ್ಕೆ ಎಣಿಸಿ, ಕೊಯ್ಲಿಗೆ ಸುಮಾರು 30 ದಿನ ಮುಂಚೆ ಹೂವಾಗುತ್ತದೆ ಎಂದು ಹಿಡಿದು, ಆ ವಾರ ಮಾರ್ಚ್ ಮೊದಲರ್ಧದಲ್ಲಿ ಬೀಳುವಂತೆ ಸಸಿ ಮಡಿ ಮಾಡಿಕೊಳ್ಳುವುದು ಜಾಣತನ.

ಭತ್ತ ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುವುದರಿಂದ ಸೋನಾ ಮಸೂರಿಯಂಥ ತಳಿಯ ಬೀಜವನ್ನು ಮನೆಯಲ್ಲೇ ಎತ್ತಿಡಬಹುದು. ಗದ್ದೆಯ ನಡುವಿನ ಒಂದು ತುಂಡು ಗುರುತು ಮಾಡಿ, ಎತ್ತರವೋ ಬಣ್ಣವೋ ಬೇರೆ ಕಂಡ ಬೆರಕೆ ತೆನೆಗಳನ್ನು ಹೂವಾಗುವಾಗೊಮ್ಮೆ, ಮಾಗುವಾಗೊಮ್ಮೆ ಕಿತ್ತು, ಉಳಿದದ್ದನ್ನು ಬೇರೆಯೇ ಬಡಿದು ಇಟ್ಟುಕೊಳ್ಳಿ.

ಪಕ್ಕದ ಹೊಲದ ಖಾರ

ಮೆಣಸಿನಕಾಯಿಯ ವಿಷಯಕ್ಕೆ ಬಂದರೆ ಕಟ್ಟೆಯ ಮೇಲೆ ಜಗಳವೇ ಆಗುತ್ತದೆ. “ಪಕ್ಕದಾಗ ಗುಂಟೂರು ಹಾಕ್ಯಾರ, ಅದಕ್ಕ ನಮ್ಮ ಬ್ಯಾಡಗಿ ಈ ಸಲ ಖಾರ ಆಗೇತಿ” ಎನ್ನುವುದು ಸಾಮಾನ್ಯ ಮಾತು. ಖಾರ ಹುಟ್ಟುವುದು ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಆ ತಿರುಳು, ಸಿಪ್ಪೆ ಎರಡೂ ತಾಯಿ ಗಿಡದ್ದೇ ಮೈ. ಪರಾಗ ಎಲ್ಲಿಂದ ಬಂದರೂ ಈ ವರ್ಷದ ಕಾಯಿ ತಾಯಿಯಂತೆಯೇ ಇರುತ್ತದೆ. ಬೆರಕೆಯಾಗಿರುವುದು ಒಳಗಿನ ಬೀಜ. ಆ ಬೀಜ ಬಿತ್ತಿದರೆ ಮುಂದಿನ ವರ್ಷ ಬಣ್ಣ, ಸುಕ್ಕು, ಖಾರ ಎಲ್ಲ ಏರುಪೇರಾಗುತ್ತದೆ. ಈ ಸಲದ ಖಾರಕ್ಕೆ ಕಾರಣ ಹೋದ ಸಲದ ಬೀಜದಲ್ಲೋ ಬಿಸಿಲು, ನೀರಿನ ಕೊರತೆಯಲ್ಲೋ ಇರುತ್ತದೆ. ಮೆಣಸಿನ ಗಿಡ ಸ್ವಂತ ಪರಾಗದಿಂದಲೂ ಕಾಯಿ ಕಟ್ಟುತ್ತದೆ, ಆದರೆ ಜೇನು ಬಂದರೆ ಬೆರಕೆ ಧಾರಾಳ. ಪ್ರಮಾಣಿತ ಬೀಜಕ್ಕೆ ಬೇರೆ ತಳಿಯಿಂದ 200 ಮೀಟರ್ ಅಂತರ ಬೇಕು. ಅಷ್ಟು ಜಾಗವಿಲ್ಲದವರು ನಾಲ್ಕು ಒಳ್ಳೆಯ ಗಿಡಗಳಿಗೆ ಹೂವಾಗುವ ಮುಂಚೆಯೇ ತೆಳುವಾದ ಸೊಳ್ಳೆಪರದೆ ಬಟ್ಟೆ ಕಟ್ಟಿ ಬೀಜ ಮಾಡಿಕೊಳ್ಳಬಹುದು.

ಮೆಕ್ಕೆಜೋಳದಲ್ಲಿ ಇದು ತಲೆಕೆಳಗು. ಅಲ್ಲಿ ನಾವು ತಿನ್ನುವುದು ಕಾಳನ್ನೇ, ಅಂದರೆ ಆ ಎರಡು ಕೂಡಿಕೆಗಳ ಫಲವನ್ನೇ. ಹಾಗಾಗಿ ಬಿಳಿ ಮೆಕ್ಕೆಜೋಳದ ಪಕ್ಕ ಹಳದಿ ಮೆಕ್ಕೆಜೋಳ ಇದ್ದರೆ ಅದೇ ವರ್ಷ ಬಿಳಿ ತೆನೆಯಲ್ಲಿ ಅಲ್ಲಲ್ಲಿ ಹಳದಿ ಕಾಳು ಮೂಡುತ್ತದೆ. ತಲೆಯ ಮೇಲಿನ ಸೂಲಂಗಿ ಗಂಡು, ತೆನೆಯ ತುದಿಯ ಕೂದಲು ಹೆಣ್ಣು, ನಡುವೆ ಗಾಳಿ. ಒಂದೊಂದು ಕೂದಲೂ ಒಂದೊಂದು ಕಾಳಿಗೆ ಸೇರಿದ್ದು. ಪರಾಗ ಸಿಗದ ಕೂದಲಿನ ಕಾಳು ಖಾಲಿ, ತೆನೆಯಲ್ಲಿ ಹಲ್ಲು ಬಿದ್ದ ಜಾಗ ಅದೇ. ಹಿತ್ತಲಲ್ಲಿ ಬದುವಿನುದ್ದಕ್ಕೆ ಒಂದೇ ಸಾಲು ಹಾಕುವ ಬದಲು ಚೌಕವಾಗಿ ನಾಲ್ಕು ಸಾಲು ಹಾಕಿ.

ಅಂಗಡಿಯ ಹೈಬ್ರಿಡ್ ಬೀಜ ಎರಡು ಬೇರೆ ತಳಿಗಳನ್ನು ಕೂಡಿಸಿ ಮಾಡಿದ್ದು. ಹತ್ತಿಯಲ್ಲಿ ಇದನ್ನು ‘ಕ್ರಾಸಿಂಗ್’ ಎನ್ನುತ್ತಾರೆ. ಮರುದಿನ ಅರಳುವ ಮೊಗ್ಗನ್ನು ಸಂಜೆ ಹುಡುಕಿ, ಉಗುರಿನಿಂದ ದಳ, ಕೇಸರಗಳನ್ನು ಸುಲಿದು, ಹೆಣ್ಣು ಭಾಗವನ್ನಷ್ಟೇ ಉಳಿಸಿ ಗುರುತಿಗೆ ಹಾಳೆ ಕಟ್ಟುತ್ತಾರೆ. ಮರುದಿನ ಬೆಳಗ್ಗೆ ಬೇರೆ ತಳಿಯ ಹೂವಿನಿಂದ ಪರಾಗ ಸವರುತ್ತಾರೆ. ಧಾರವಾಡದಲ್ಲಿ 1972ರಲ್ಲಿ ಬಂದ ‘ವರಲಕ್ಷ್ಮಿ’, ಆಮೇಲೆ ಬಂದ ಡಿಸಿಎಚ್-32 ಇವೆಲ್ಲ ಹೀಗೆ ಹೂವು ಹೂವಿಗೂ ಕೈ ಮುಟ್ಟಿಸಿ ಮಾಡಿದ ಬೀಜಗಳೇ, ಹೆಚ್ಚಾಗಿ ಹೆಣ್ಣುಮಕ್ಕಳ ಕೈ. ಹೈಬ್ರಿಡ್ ಬೀಜಕ್ಕೆ ಬೆಲೆ ಏಕೆ ಎಂದರೆ ಇದೂ ಒಂದು ಕಾರಣ. ಹೈಬ್ರಿಡ್ ಬೆಳೆಯ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಗಿಡಗಳು ಒಂದರಂತೆ ಒಂದಿರುವುದಿಲ್ಲ. ಅದರಲ್ಲಿ ಉಳಿತಾಯವಿಲ್ಲ.

ಬೀಜದ ಗೊಡವೆಯೇ ಇಲ್ಲದವು

ಹಂಪಿ, ಕಮಲಾಪುರದ ನಡುವೆ ವಿಜಯನಗರದ ಕಾಲದ ತುರ್ತಾ ಕಾಲುವೆಯ ನೀರುಣ್ಣುವ ಬಾಳೆ ತೋಟಗಳಲ್ಲಿ ಹೂವಿಗೆ ಜೇನು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ನಮ್ಮ ಏಲಕ್ಕಿ, ಸುಗಂಧಿ ಬಾಳೆಗಳಲ್ಲಿ ಬೀಜ ಕಟ್ಟುವುದಿಲ್ಲ. ಪರಾಗವಿಲ್ಲದೆಯೇ ಕಾಯಿ ತುಂಬುತ್ತದೆ. ಹಣ್ಣು ಕತ್ತರಿಸಿದಾಗ ಕಾಣುವ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು. ಗೊನೆಯಲ್ಲಿ ಮೊದಲು ಬರುವ ಚಿಪ್ಪುಗಳು ಹೆಣ್ಣು ಹೂವಿನವು. ಆಮೇಲೆ ತುದಿಯ ಮೂತಿಯಲ್ಲಿ ಬರುವುದು ಗಂಡು ಹೂವು, ಅದರಿಂದ ಕಾಯಿಯಿಲ್ಲ. ಕೊನೆಯ ಚಿಪ್ಪು ಬಿಚ್ಚಿದ ಮೇಲೆ ಮೂತಿ ಕತ್ತರಿಸಿ ಪಲ್ಯಕ್ಕೆ ಕೊಟ್ಟುಬಿಡಿ, ಗಿಡದ ಶಕ್ತಿ ಕಾಯಿಗೆ ಹೋಗಲಿ.

ಸಂತಾನವೆಲ್ಲ ಬುಡದ ಕಂದಿನಿಂದ. ಕತ್ತಿಯಂತೆ ಕಿರಿದಾದ ಎಲೆ, ದಪ್ಪ ಗಡ್ಡೆ ಇರುವ ಕಂದನ್ನು ಆರಿಸಬೇಕು. ಅಗಲ ಎಲೆ ಬಿಚ್ಚಿ ಚೆಂದ ಕಾಣುವ ನೀರುಗಂದು ತಾಯಿಯ ಗಡ್ಡೆಗೆ ಸರಿಯಾಗಿ ಅಂಟಿಕೊಂಡಿರುವುದಿಲ್ಲ, ಗೊನೆ ಸಣ್ಣದಾಗುತ್ತದೆ. ಕಂದಿನಿಂದ ಬಂದ ಗಿಡ ತಾಯಿಯ ಪಡಿಯಚ್ಚು, ಒಳ್ಳೆಯದರಲ್ಲೂ ಕೆಟ್ಟದ್ದರಲ್ಲೂ. ಒಂದು ಗಿಡಕ್ಕೆ ತಡೆಯಲಾಗದ ರೋಗ ಇಡೀ ತೋಟಕ್ಕೆ ತಡೆಯಲಾಗದ್ದೇ. ನಂಜನಗೂಡು ರಸಬಾಳೆಯನ್ನು ಪನಾಮ ಸೊರಗು ರೋಗ ಬಹುತೇಕ ಅಳಿಸಿಹಾಕಿದ್ದು ಹೀಗೆಯೇ. ಸೊರಗು ಕಂಡ ತೋಟದಿಂದ, ಎಷ್ಟೇ ನೆಂಟಸ್ತಿಕೆಯಿದ್ದರೂ, ಕಂದು ತರಬೇಡಿ. ಕಬ್ಬಿನ ಕತೆಯೂ ಇದೇ. ನಾವು ನೆಡುವುದು ತುಂಡಿನ ಕಣ್ಣನ್ನು.

ಅತ್ತಿ ಬಾಳೆಯಂತಲ್ಲ, ಅದಕ್ಕೆ ಪರಾಗ ಬೇಕೇ ಬೇಕು. ಆದರೆ ಅತ್ತಿ ಹೂವನ್ನು ಕಂಡವರಿಲ್ಲ ಎನ್ನುತ್ತಾರೆ. ಹೂವೆಲ್ಲ ಆ ಹಸಿರು ಕಾಯಿಯೊಳಗೇ ಇರುತ್ತವೆ. ತುದಿಯ ಸಣ್ಣ ತೂತಿನಿಂದ ಒಳನುಗ್ಗುವ, ಸಾಸಿವೆಗಿಂತ ಚಿಕ್ಕ ಕಣಜ ಪರಾಗ ತಂದು ಮುಟ್ಟಿಸಿ, ಅಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಅತ್ತಿಗೂ ಆಲಕ್ಕೂ ಬೇರೆ ಬೇರೆ ಕಣಜ. ಬಳ್ಳಾರಿ ಕಡೆ ಬೆಳೆಯುವ ಅಂಜೂರ ಮಾತ್ರ ಈ ಹಂಗಿನಿಂದ ಪಾರಾದದ್ದು. ಅದಕ್ಕೆ ಕಣಜ ಬೇಡ.

ಗುಡ್ಡದ ಸೀತಾಫಲ, ಹೊಲದ ಸೂರ್ಯಕಾಂತಿ

ಸಂಡೂರಿನ ಗುಡ್ಡಗಳಲ್ಲಿ, ದರೋಜಿಯ ಕುರುಚಲು ಕಾಡಿನಲ್ಲಿ ಸೀತಾಫಲ ತಾನಾಗಿ ಬೆಳೆಯುತ್ತದೆ. 1994ರಲ್ಲಿ ಆದ ದರೋಜಿ ಕರಡಿಧಾಮದ ಕರಡಿಗಳು ಹಣ್ಣು ತಿಂದು ಬೀಜವನ್ನು ಮಲದ ಜೊತೆ ದೂರ ಹಾಕುವುದರಲ್ಲಿ ಕಾಡಿಗೆ ದೊಡ್ಡ ಸಹಾಯಕರು. ಅದೇ ಗಿಡ ಹಿತ್ತಲಿಗೆ ಬಂದರೆ ಹೂವು ನೂರು, ಹಣ್ಣು ಹತ್ತು. ಸೀತಾಫಲದ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ತನ್ನ ಪರಾಗ ಉದುರುವ ಹೊತ್ತಿಗೆ ತನ್ನದೇ ಹೆಣ್ಣು ಭಾಗ ಒಣಗಿರುತ್ತದೆ. ದಪ್ಪ ದಳಗಳ ಸಂದಿಗೆ ನುಸುಳುವ ಪುಟ್ಟ ಜೀರುಂಡೆಗಳೇ ಅದಕ್ಕೆ ಗತಿ. ಪೂರ್ತಿ ಬಿಚ್ಚಿದ ಹೂವಿನ ಪರಾಗವನ್ನು ಮೆತ್ತನೆಯ ಬ್ರಷ್ಷಿಗೆ ತೆಗೆದುಕೊಂಡು, ಬೆಳಗಿನ ತಂಪಿನಲ್ಲಿ, ಅರ್ಧ ಬಿಚ್ಚಿದ ಹೂವುಗಳ ನಡುಗುಬ್ಬಕ್ಕೆ ಸುತ್ತಲೂ ಸವರಿ. ಹಣ್ಣಿನ ಮೇಲಿನ ಒಂದೊಂದು ಕಣ್ಣೂ ಒಂದೊಂದು ಬೇರೆ ಶಲಾಕೆಯಿಂದ ಆದದ್ದು. ಸವರದೆ ಬಿಟ್ಟ ಕಡೆ ಹಣ್ಣು ತಗ್ಗಾಗುತ್ತದೆ.

ದಾಳಿಂಬೆ ಬೆಳೆಗಾರರಿಗೆ ಒಂದೇ ಮಾತು. ಗಂಟೆಯಾಕಾರದ, ಬುಡ ಕಿರಿದಾದ ಹೂವು ಉದುರುವುದಕ್ಕೇ ಹುಟ್ಟಿದ್ದು, ಗಾಬರಿ ಬೇಡ. ಬುಡ ಉಬ್ಬಿದ, ಹೂಜಿಯಂಥ ಹೂವು ಉದುರಿದರೆ ಮಾತ್ರ ಕಾರಣ ಹುಡುಕಿ.

ಸೂರ್ಯಕಾಂತಿಯದು ಒಂದು ಹೂವಲ್ಲ, ನೂರಾರು ಹೂವಿನ ಜಾತ್ರೆ. ಅಂಚಿನಿಂದ ನಡುವಿಗೆ ಸುತ್ತು ಸುತ್ತಾಗಿ ಅರಳಲು ವಾರಕ್ಕೂ ಹೆಚ್ಚು ಹಿಡಿಯುತ್ತದೆ. ಜೇನು ಕಡಿಮೆಯಿದ್ದರೆ ತೆನೆಯ ನಡುಭಾಗ ಜೊಳ್ಳು. ಅಂಥ ಹೊಲದಲ್ಲಿ ಬೆಳಗ್ಗೆ ಎಂಟರಿಂದ ಹನ್ನೊಂದರೊಳಗೆ, ದಿನ ಬಿಟ್ಟು ದಿನ, ಕೈಗೆ ಮೆತ್ತನೆಯ ಹತ್ತಿ ಬಟ್ಟೆ ಸುತ್ತಿಕೊಂಡು ಒಂದು ತೆನೆಯಿಂದ ಇನ್ನೊಂದಕ್ಕೆ ಹಗುರವಾಗಿ ಸವರುತ್ತ ಹೋಗಬೇಕು. ಎಕರೆಗಟ್ಟಲೆ ಇದ್ದವರಿಗೆ ಇದು ಆಗದ ಮಾತು, ಜೇನುಪೆಟ್ಟಿಗೆಯೇ ಸರಿ. ಪೆಟ್ಟಿಗೆಯನ್ನು ಹೂವು ಬರುವ ಮುಂಚೆಯೇ ತಂದಿಟ್ಟರೆ ಜೇನು ಬೇರೆ ಕಡೆಯ ಹೂವಿಗೆ ದಾರಿ ಹಿಡಿದು ಅದಕ್ಕೇ ಒಗ್ಗಿಬಿಡುತ್ತದೆ. ಹೊಲದ ಗಿಡಗಳಲ್ಲಿ ಶೇ. 5ರಿಂದ 10ರಷ್ಟು ಅರಳಿದ ಮೇಲೆ ತಂದು, ನೆರಳಿರುವ ಬದುವಿನಲ್ಲಿ, ಹತ್ತಿರ ನೀರಿರುವಂತೆ ನೋಡಿಕೊಂಡು ಇಡಿ. ಅಕ್ಕಪಕ್ಕದ ಹೊಲದವರಿಗೂ ಅಂದೇ ಹೇಳಿಬಿಡಿ. ಅವರು ಔಷಧ ಹೊಡೆಯುವ ದಿನ ಮುಂಚಿನ ರಾತ್ರಿಯೇ ಪೆಟ್ಟಿಗೆಯ ಬಾಗಿಲಿಗೆ ಗಾಳಿಯಾಡುವ ಜಾಲರಿ ಹಾಕಬೇಕಾಗುತ್ತದೆ.